ಮಿತಬಳಕೆ ಮತ್ತು ಮನೆಯ ಹೊರೆ

ನಿತ್ಯಜೀವನದಲ್ಲಿ ನಾವು ಮಾಡುವ ಕೆಲಸಗಳ ಪೈಕಿ ಬಹುಪಾಲು ಯೋಚನೆಯಿಲ್ಲದೆ ನಡೆಯತಕ್ಕವು. ನಲ್ಲಿ ತಿರುಗಿಸುವುದು, ಒಲೆ ಹಚ್ಚುವುದು, ತಟ್ಟೆಯಲ್ಲಿ ಉಳಿದುದನ್ನು ಸುರಿಯುವುದು, ಅಂಗಡಿಗೆ ಬರಿಗೈಯಲ್ಲಿ ಹೋಗಿ ನಾಲ್ಕು ಚೀಲ ಹಿಡಿದು ಬರುವುದು, ಇವುಗಳಲ್ಲಿ ಯಾವುದಕ್ಕೂ ನಾವು ಮನಸ್ಸಿನ ಅಪ್ಪಣೆ ಕೇಳುವುದಿಲ್ಲ. ಕೈ ತಾನಾಗಿ ಮಾಡಿಬಿಡುತ್ತದೆ. ಪರಿಸರದ ಮಾತು ಬಂದಾಗಲೆಲ್ಲ ‘ಅಭ್ಯಾಸಗಳನ್ನು ಬದಲಿಸಿಕೊಳ್ಳಿ’ ಎಂದು ಹಿರಿಯರು ಹೇಳುವುದು ಇದೇ ಕಾರಣದಿಂದ. ನಮ್ಮ ಕಾಲೇಜಿನ ಗೋಡೆಗಳ ಮೇಲೆ ಇಂಥ ಬರಹಗಳಿಗೆ ಕೊರತೆಯಿಲ್ಲ. ಜೂನ್ 5ರಂದು ಪ್ರತಿಜ್ಞೆ ಸ್ವೀಕರಿಸುತ್ತೇವೆ, ಸಸಿ ನೆಡುತ್ತೇವೆ, ಭಾವಚಿತ್ರಕ್ಕೆ ಸಾಲಾಗಿ ನಿಲ್ಲುತ್ತೇವೆ. ಸಸಿಗೆ ಮಾರನೆಯ ದಿನ ನೀರು ಹಾಕುವವರು ಯಾರೆಂಬ ಪ್ರಶ್ನೆ ಮಾತ್ರ ಭಾವಚಿತ್ರದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಪ್ರತಿಜ್ಞೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿಜ್ಞೆಗೂ ರೂಢಿಗೂ ನಡುವಿನ ದೂರವನ್ನು ಯಾರೂ ಅಳೆದಂತೆ ತೋರುವುದಿಲ್ಲ. ಯಾವ ಅಭ್ಯಾಸ ಮನೆಯಲ್ಲಿ ಬೇರು ಬಿಡುತ್ತದೆ, ಯಾವುದು ಹದಿನೈದು ದಿನಕ್ಕೆ ಮರೆತುಹೋಗುತ್ತದೆ, ಅದಕ್ಕೆ ಕಾರಣವೇನು ಎಂಬುದನ್ನು ನಾನು ಕಂಡ ಹಾಗೂ ಓದಿದ ಕೆಲವು ಸಂಗತಿಗಳ ಮೂಲಕ ವಿವರಿಸಬೇಕೆಂಬುದು ಈ ಲೇಖನದ ಉದ್ದೇಶ. ವಿಷಯ ಬಹು ದೊಡ್ಡದು. ನಾನು ಒಲೆ, ನೀರು, ಊಟದ ತಟ್ಟೆ ಇಷ್ಟಕ್ಕೇ ತೃಪ್ತಳಾಗುತ್ತೇನೆ.

ಮೊದಲಿಗೆ ಒಂದು ಮಾತು. ಇಂದು ‘ಸುಸ್ಥಿರ ಜೀವನ’ವೆಂದು ನಾವು ದೊಡ್ಡ ಹೆಸರಿಟ್ಟು ಕರೆಯುತ್ತಿರುವುದನ್ನು ನಮ್ಮ ಅಜ್ಜಿ ಹೆಸರೇ ಇಲ್ಲದೆ ನಡೆಸಿಬಿಟ್ಟಳು. ನಾನು ಕುಣಿಗಲ್ ತಾಲ್ಲೂಕಿನವಳು; ನಮ್ಮ ಕಡೆ ತೆಂಗು, ರಾಗಿ ಇವೇ ಬದುಕು. ತೆಂಗಿನ ಮರದಿಂದ ಬಿದ್ದ ಯಾವುದೂ ಆ ಮನೆಯಲ್ಲಿ ಕಸವೆನಿಸಿಕೊಳ್ಳುತ್ತಿರಲಿಲ್ಲ. ಗರಿ ಸೂರಿಗೆ ಮತ್ತು ಪೊರಕೆಗೆ, ಮಟ್ಟೆ ಬಚ್ಚಲ ಒಲೆಗೆ, ನಾರು ಪಾತ್ರೆ ಉಜ್ಜಲು, ಆ ಒಲೆಯ ಬೂದಿಯೂ ಪಾತ್ರೆ ಉಜ್ಜಲಿಕ್ಕೇ. ಅಕ್ಕಿ ತೊಳೆದ ನೀರು, ಮಿಕ್ಕ ಸಾರು, ತರಕಾರಿಯ ಸಿಪ್ಪೆ ಕಲಗಚ್ಚಾಗಿ ಎಮ್ಮೆಯ ಬಾನಿಗೆ ಹೋಗುತ್ತಿದ್ದುವು. ಬಚ್ಚಲ ನೀರು ಬಾಳೆಯ ಬುಡಕ್ಕೆ. ಹಬ್ಬಕ್ಕೆ ಮುತ್ತುಗದ ಎಲೆ. ಉಂಡ ಎಲೆ ತಿಪ್ಪೆಗೆ. ತಿಪ್ಪೆ ವರ್ಷಕ್ಕೊಮ್ಮೆ ಹೊಲಕ್ಕೆ. ಸೀರೆ ಹರಿದರೆ ಹೊದಿಕೆಯಾಗುತ್ತಿತ್ತು, ಹೊದಿಕೆ ಹರಿದರೆ ಒರಸುವ ಬಟ್ಟೆಯಾಗುತ್ತಿತ್ತು. ಊರಿನ ಹೊರಗೆ ಸುರಿಯಲು ಆ ಮನೆಯಲ್ಲಿ ಏನೂ ಉಳಿಯುತ್ತಲೇ ಇರಲಿಲ್ಲ.

ಇದನ್ನು ಹೇಳಿದೊಡನೆ ಕೆಲವರು ‘ನೋಡಿ, ನಮ್ಮ ಹಿರಿಯರ ವಿವೇಕ! ಹಿಂದಿನ ಕಾಲಕ್ಕೆ ಮರಳಬೇಕು’ ಎಂದು ಉತ್ಸಾಹಗೊಳ್ಳುತ್ತಾರೆ. ಹಾಗೆನ್ನುವವರು ಆ ಒಲೆಯ ಮುಂದೆ ಒಂದು ಗಂಟೆ ಕುಳಿತು ಊದುಗೊಳವೆ ಹಿಡಿದವರಲ್ಲವೆಂದು ನನ್ನ ಬಲವಾದ ಅನುಮಾನ. ಅಜ್ಜಿಯ ಮಿತವ್ಯಯದಲ್ಲಿ ವಿವೇಕವಿದ್ದುದು ನಿಜ. ಅದರ ಹಿಂದೆ ಇಲ್ಲದಿರುವಿಕೆಯೂ ಇತ್ತು. ಆ ಅಡುಗೆಮನೆಯ ಗೋಡೆ ಹೊಗೆಯಿಂದ ಕಪ್ಪಾಗಿತ್ತು, ಅಜ್ಜಿಯ ಕೆಮ್ಮು ಊರ ಬೀದಿಗೆ ಕೇಳಿಸುತ್ತಿತ್ತು. ಅಡುಗೆಮನೆಯ ಹೊಗೆ ಮತ್ತಿತರ ಮನೆಯೊಳಗಿನ ವಾಯುಮಾಲಿನ್ಯದಿಂದ ಲೋಕದಲ್ಲಿ 2020ರ ಒಂದೇ ವರ್ಷದಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸೌದೆಗೆ ನಡೆಯುವುದು, ನೀರಿಗೆ ನಡೆಯುವುದು, ಸಗಣಿ ಬಾಚುವುದು, ಇವೆಲ್ಲ ಮನೆಯ ಹೆಂಗಸರ ಮತ್ತು ಮಕ್ಕಳ ಪಾಲಿನದಾಗಿದ್ದವು. ಭೂಮಿಯ ಮೇಲೆ ಹಗುರವಾಗಿದ್ದ ಆ ಬಾಳು ಒಬ್ಬಳ ಸೊಂಟದ ಮೇಲೆ ಭಾರವಾಗಿತ್ತು.

ಇಲ್ಲಿಯೇ ನಮ್ಮಂಥವರ ಪ್ರಶ್ನೆ ಹುಟ್ಟುವುದು. ಈ ಕಾಲೇಜಿನಲ್ಲಿ ನನ್ನ ಹಾಗೆ ಮನೆತನದಲ್ಲೇ ಮೊದಲು ಪದವಿಯ ಮೆಟ್ಟಿಲು ಹತ್ತಿದವರು ಬಹಳ ಮಂದಿ. ನಮ್ಮ ಮನೆಗಳು ಇದೇ ತಲೆಮಾರಿನಲ್ಲಿ ಇಲ್ಲದುದರಿಂದ ಇರುವುದರ ಕಡೆಗೆ ದಾಟುತ್ತಿವೆ. ನಾಳೆ ನಮ್ಮಲ್ಲೊಬ್ಬರು ಗುಮಾಸ್ತರೋ ಉಪಾಧ್ಯಾಯರೋ ಆಗಿ ತಿಂಗಳ ಸಂಬಳ ಹಿಡಿದಾಗ ಮನೆಗೆ ಏನು ಬರುತ್ತದೆ, ಏನು ಹೋಗುತ್ತದೆ ಎಂಬುದನ್ನು ನಿರ್ಧರಿಸುವವರು ನಾವೇ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕ ಬೀಳುತ್ತದೆ. ಅಮೆರಿಕದಲ್ಲಿ ಅದು ಸುಮಾರು 14 ಟನ್. ಆದುದರಿಂದ ‘ಕಡಿಮೆ ಮಾಡಿ’ ಎಂಬ ಉಪದೇಶವನ್ನು ಮೊದಲು ಕೇಳಬೇಕಾದವಳು ನಮ್ಮ ಅಜ್ಜಿಯಲ್ಲ. ಆದರೂ ಸರಾಸರಿ ಎಂಬುದು ಮೋಸದ ಮಾತು. ಬೆಂಗಳೂರಿನ ಒಂದು ಸಿರಿವಂತ ಮನೆಯೂ ನಮ್ಮೂರಿನ ಒಂದು ಕೂಲಿ ಮನೆಯೂ ಅದರಲ್ಲಿ ಒಟ್ಟಿಗೇ ಅಡಗಿವೆ. ನಾವು ಕೂಲಿಯ ಮನೆಯಿಂದ ಹೊರಟವರು, ಯಾವ ಮನೆಯ ಕಡೆಗೆ ನಡೆಯುತ್ತಿದ್ದೇವೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅಜ್ಜಿಯ ರೂಢಿಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಒರೆಗಲ್ಲು ಒಂದೇ: ಈ ಅಭ್ಯಾಸದ ದುಡಿಮೆ ಯಾರದು, ಫಲ ಯಾರದು?

ಒಲೆಯನ್ನೇ ತೆಗೆದುಕೊಳ್ಳೋಣ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಬಹುಭಾಗ ಗಾಳಿಗೆ, ಗೋಡೆಗೆ, ಅಡುಗೆ ಮಾಡುವವಳ ಮುಖಕ್ಕೆ ಹೋಗುತ್ತದೆ. ಪಾತ್ರೆಗೆ ತಲುಪುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಇದನ್ನು ಸರಿಪಡಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡುದೇ ನಮ್ಮ ಹಳ್ಳಿಗಳಲ್ಲಿ ‘ಅಸ್ತ್ರ ಒಲೆ’ ಎಂದು ಹೆಸರಾದದ್ದು. ಗ್ರಾಮಗಳಿಗೆ ವಿಜ್ಞಾನವನ್ನು ಕೊಂಡೊಯ್ಯಬೇಕೆಂದು ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು 1974ರಲ್ಲಿ ಅಲ್ಲಿ ಕಟ್ಟಿದ ವಿಭಾಗದ ಹೆಸರು ‘ಅಸ್ತ್ರ’. ಈಗ ಅದು ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ. ಆ ಒಲೆಯ ಗುಟ್ಟು ಸರಳವಾದುದು. ಬೆಂಕಿಯ ಸುತ್ತ ಮಣ್ಣಿನ ಗೂಡು. ಕೆಳಗೆ ಜಾಲರಿ, ಗಾಳಿ ಅದರ ಮೂಲಕ ಒಳಗೆ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಮೇಲೆ ಪಾತ್ರೆಗಳು ಸಂದಿಲ್ಲದಂತೆ ಕೂರುವ ಗುಣಿಗಳು. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿಗಾಳಿ ಹಾಗೆಯೇ ಹೊರಟುಹೋಗದೆ ಎರಡನೆಯ, ಮೂರನೆಯ ಪಾತ್ರೆಗಳ ತಳವನ್ನು ಸವರಿಕೊಂಡು ಕೊನೆಗೆ ಹೊಗೆಕೊಳವೆಯಲ್ಲಿ ಮೇಲೇರುತ್ತದೆ. ಸೌದೆ ಅರ್ಧದಷ್ಟು ಸಾಕಾಗುತ್ತದೆ, ಅಡುಗೆಮನೆಗೆ ಹೊಗೆ ನುಗ್ಗುವುದಿಲ್ಲ.

ಇಷ್ಟು ಚೆನ್ನಾದ ಒಲೆ ಕೆಲವು ಮನೆಗಳಲ್ಲಿ ಬಾಳಿತು, ಅನೇಕ ಮನೆಗಳಲ್ಲಿ ಬಾಳಲಿಲ್ಲ. ಗುಣಿಯ ಅಳತೆಗೆ ಪಾತ್ರೆಗಳು ಹೊಂದಬೇಕು. ಹಬ್ಬದ ದಿನ ದೊಡ್ಡ ಗುಂಡಿ ಇಟ್ಟರೆ ಕೂರುವುದಿಲ್ಲ. ಬಾಯಿ ಚಿಕ್ಕದಾದ್ದರಿಂದ ಸೌದೆಯನ್ನು ಸಣ್ಣಗೆ ಸೀಳಬೇಕು. ಹೊಗೆಕೊಳವೆಯ ಮಸಿಯನ್ನು ಆಗಾಗ್ಗೆ ತೆಗೆಯಬೇಕು. ಸೀಳುವ, ಸೂರು ಹತ್ತುವ ಕೆಲಸ ಗಂಡಸರ ಕೈಗೆ ಸೇರಿದ್ದು, ಹೊಗೆ ಕುಡಿಯುವುದು ಹೆಂಗಸರ ಪಾಲಿಗೆ ಸೇರಿದ್ದು. ಕೊಳವೆ ಕಟ್ಟಿಕೊಂಡರೆ ಕಣ್ಣುರಿಯುವುದು ಒಬ್ಬರಿಗೆ, ಏಣಿ ಇರುವುದು ಇನ್ನೊಬ್ಬರ ಬಳಿ. ನಮ್ಮ ಮನೆಯ ಅಸ್ತ್ರ ಒಲೆಯ ಕೊಳವೆಯೂ ಒಂದು ಮಳೆಗಾಲದಲ್ಲಿ ಕಟ್ಟಿಕೊಂಡು, ‘ನಾಳೆ ನೋಡೋಣ’ ಎನ್ನುತ್ತ ಎರಡು ವರ್ಷ ಕಳೆಯಿತು. ಒಲೆಯನ್ನು ರಚಿಸಿದವರ ಲೆಕ್ಕದಲ್ಲಿ ಶಾಖದ ಹಾದಿ ಸರಿಯಾಗಿತ್ತು. ಮನೆಯೊಳಗಿನ ಕೆಲಸದ ಹಾದಿ ಬೇರೆಯೇ ಇತ್ತು.

ಇದೇ ‘ಅಸ್ತ್ರ’ದವರು ನಮ್ಮ ತಾಲ್ಲೂಕಿನ ಉಂಗ್ರ ಎಂಬಲ್ಲಿ ತಮ್ಮ ಗ್ರಾಮಕೇಂದ್ರವನ್ನು ಇಟ್ಟುಕೊಂಡು, ಅದರ ಸಮೀಪದ ಪುರ ಎಂಬ ಚಿಕ್ಕ ಊರಿನಲ್ಲಿ ನಡೆಸಿದ ಕೆಲಸದ ವೃತ್ತಾಂತವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿಯತಕ್ಕದ್ದು. ನಾನು ಇದನ್ನು ಗ್ರಂಥಾಲಯದಲ್ಲಿ ಕುಳಿತು ಓದಿದಾಗ, ಇಷ್ಟು ಹತ್ತಿರದ ಊರಿನ ಸುದ್ದಿ ನನಗೆ ಪುಸ್ತಕದಿಂದ ತಿಳಿಯಬೇಕಾಯಿತೇ ಎಂದು ಆಶ್ಚರ್ಯವಾಯಿತು. 1970ರ ದಶಕದಲ್ಲಿ ಅವರು ಆ ಸೀಮೆಯ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಯಾರು ತರುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರು. ಸೌದೆ ಆರಿಸಲು ಒಂದು ಮನೆಗೆ ದಿನಕ್ಕೆ ಎರಡು ಗಂಟೆಗೂ ಮೇಲ್ಪಟ್ಟು ಹಿಡಿಯುತ್ತಿತ್ತು. ಹಾಗಾದರೆ ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಗೋಬರ್ ಅನಿಲ ಮಾಡಿ ಎಲ್ಲರ ಒಲೆಗೂ ಹಂಚಿದರೆ ಹೇಗೆ? ಯೋಚನೆ ಸೊಗಸಾಗಿತ್ತು. ಸಗಣಿಯಲ್ಲಿರುವ ಅನಿಲ ಒಲೆಗೆ, ಅನಿಲ ಹೋದ ಬಗ್ಗಡ ಗೊಬ್ಬರಕ್ಕೆ. ಗೊಬ್ಬರದ ಸಾರಜನಕ ಬಹುಮಟ್ಟಿಗೆ ಉಳಿಯುತ್ತದೆ. ಅನಿಲಸ್ಥಾವರ ಕಟ್ಟಿಯೂ ಆಯಿತು.

ಆದರೆ ಅಡುಗೆಯ ಅನಿಲದ ಆ ಯೋಜನೆ ಸೋತಿತು. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ಒಂದು ಸಂಸಾರದ ಎರಡು ಹೊತ್ತಿನ ಅಡುಗೆಗೆ ಒಂದು ಘನ ಮೀಟರಿಗಿಂತ ಹೆಚ್ಚೇ ಬೇಕು. ಬಯಲಿನಲ್ಲಿ ಮೇದು ಬರುವ ನಾಟಿ ದನ ಪುಸ್ತಕದ ದನದಷ್ಟು ಸಗಣಿ ಹಾಕುವುದಿಲ್ಲ, ಹಾಕಿದುದರಲ್ಲಿ ಅರ್ಧ ಬಯಲಿಗೇ ಹೋಗುತ್ತದೆ. ಊರಿನ ಎಲ್ಲ ಒಲೆಗಳಿಗೂ ಅನಿಲ ಸಾಲಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿತ್ತು. ಸೌದೆಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲವಾದ್ದರಿಂದ ಅಡುಗೆಯ ಅನಿಲ ಊರವರಿಗೆ ಅಷ್ಟು ತುರ್ತಾಗಿ ಕಾಣಲಿಲ್ಲ. ನಿಮಗೆ ಮೊದಲು ಏನು ಬೇಕು ಎಂದು ಕೇಳಿದಾಗ ಬಂದ ಉತ್ತರ: ಕುಡಿಯುವ ನೀರು. (ಹೆಂಗಸರನ್ನು ಮಾತ್ರ ಕೂರಿಸಿಕೊಂಡು ಕೇಳಿದ್ದರೆ ನೀರು, ಸೌದೆ ಎರಡನ್ನೂ ಹೇಳುತ್ತಿದ್ದರೇನೋ! ಇದು ನನ್ನ ಊಹೆ ಮಾತ್ರ.)

ಆಗ ವಿಜ್ಞಾನಿಗಳು ಮಾಡಿದ ಕೆಲಸ ಮೆಚ್ಚತಕ್ಕದ್ದು. ತಮ್ಮ ಯೋಜನೆಗೆ ಜನರನ್ನು ಹೊಂದಿಸುವ ಬದಲು ಜನರ ಬೇಡಿಕೆಗೆ ಯೋಜನೆಯನ್ನು ತಿರುಗಿಸಿದರು. ಅದೇ ಸಗಣಿಯ ಅನಿಲದಿಂದ, ಸ್ವಲ್ಪ ಡೀಸೆಲ್ ಕೂಡಿಸಿ, ಒಂದು ಎಂಜಿನ್ ಓಡಿಸಿದರು. ಎಂಜಿನ್ನಿನಿಂದ ವಿದ್ಯುತ್ತು, ವಿದ್ಯುತ್ತಿನಿಂದ ಕೊಳವೆಬಾವಿಯ ನೀರು. 1987ರಿಂದ ಪುರದಲ್ಲಿ ನಲ್ಲಿಯಲ್ಲಿ ನೀರು ಬಂತು, ಮನೆಗಳಲ್ಲಿ ಕೊಳವೆದೀಪ ಉರಿಯಿತು. ಸಗಣಿ ತಂದವರ ಬುಟ್ಟಿಯನ್ನು ತೂಗಿ ಬರೆದುಕೊಳ್ಳುತ್ತಿದ್ದರು. ತಂದ ಕೂಲಿಗೆ ಕಿಲೋಗೆ ಇಷ್ಟೆಂದು ಕೆಲವೇ ಪೈಸೆ ಹಣ ಸಲ್ಲುತ್ತಿತ್ತು. ಅನಿಲ ತೆಗೆದಾದ ಮೇಲೆ ಗೊಬ್ಬರ ಅವರಿಗೇ ಮರಳುತ್ತಿತ್ತು. ಎಂಜಿನ್ ನೋಡಿಕೊಂಡವರು ತರಬೇತಿ ಪಡೆದ ಊರಿನ ಹುಡುಗರು. ಒಂದು ದಿನ ಸಗಣಿ ಬಾರದಿದ್ದರೆ ಮಾರನೆಯ ದಿನ ನೀರು ಕಡಿಮೆ, ದೀಪ ಕಡಿಮೆ. ಕಾರಣ ಏನೆಂದು ಮಗುವಿಗೂ ಗೊತ್ತು. ಸುಮಾರು ಹತ್ತು ವರ್ಷ ಈ ಏರ್ಪಾಡು ನಡೆಯಿತು. ಈಗ ಅದು ಇಲ್ಲ. ಆದರೆ ಅಷ್ಟು ವರ್ಷ ಬುಟ್ಟಿಗಳು ಬೆಳಗಾದರೆ ತಪ್ಪದೆ ಬಂದುದಕ್ಕೆ ಯಾವ ಗೋಡೆಬರಹವೂ ಕಾರಣವಾಗಿರಲಿಲ್ಲ. ದುಡಿಮೆಗೆ ಕೂಲಿ ಇತ್ತು, ಫಲ ಕಣ್ಣೆದುರಿಗಿತ್ತು, ಕೊಟ್ಟದ್ದು ಕಳೆದುಹೋಗುತ್ತಿರಲಿಲ್ಲ.

ಈ ಒರೆಗಲ್ಲನ್ನು ಹಿಡಿದು ನೋಡಿದರೆ ಇನ್ನೊಂದು ಸಂಗತಿಯೂ ತಿಳಿಯಾಗುತ್ತದೆ. ನಮ್ಮೂರಿನಲ್ಲಿ ಹಳೆಯ 60 ವಾಟಿನ ಬಲ್ಬು ಕಣ್ಮರೆಯಾಗಿ 9 ವಾಟಿನ ಎಲ್‌ಇಡಿ ಬಂದುದಕ್ಕೆ ಯಾರೂ ಭಾಷಣ ಮಾಡಲಿಲ್ಲ. 2015ರಲ್ಲಿ ಸರ್ಕಾರದ ಯೋಜನೆಯ ಮೂಲಕ ಕಡಿಮೆ ಬೆಲೆಗೆ ದೊರೆಯತೊಡಗಿತು, ಬಿಲ್ಲು ಇಳಿಯಿತು, ಯಾರ ಬೆನ್ನಿಗೂ ಹೊರೆಯಾಗಲಿಲ್ಲ, ಅಷ್ಟೇ ಸಾಕಾಯಿತು. ಸೀಸೆಬುರುಡೆ ಸುಡುತ್ತಿದ್ದುದನ್ನು ಈಗಿನ ಮಕ್ಕಳು ನಂಬುವುದೇ ಇಲ್ಲ. ಪ್ಲಾಸ್ಟಿಕ್ ಚೀಲದ ವಿಷಯ ಇದಕ್ಕೆ ವಿರುದ್ಧ. ಕರ್ನಾಟಕದಲ್ಲಿ 2016ರಲ್ಲಿ ಅದನ್ನು ನಿಷೇಧಿಸಿದರು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶಾದ್ಯಂತ ನಿಷೇಧವಾಯಿತು. ಆದರೂ ಸಂತೆಯಲ್ಲಿ ತರಕಾರಿಯವಳು ಚೀಲ ಇಡದಿದ್ದರೆ ಗಿರಾಕಿ ಪಕ್ಕದ ಗುಡ್ಡೆಗೆ ಹೋಗುತ್ತಾನೆ. ದಂಡ ಬೀಳುವುದು ಅವಳಿಗೆ. ಕೈಚೀಲ ತರದವನು ಗಿರಾಕಿ, ಹೊಣೆ ಹೊತ್ತವಳು ಮಾರುವವಳು. ಒಂದು ಬಟ್ಟೆಚೀಲವನ್ನು ಮಡಿಚಿ ಪುಸ್ತಕಗಳ ನಡುವೆ ಇಟ್ಟುಕೊಳ್ಳುವುದು ನಮಗೆ ಎಷ್ಟು ಮಾತ್ರದ ಕೆಲಸ! ಈ ವಿಷಯದಲ್ಲಿ ನಾನು ಹೆಚ್ಚು ಬರೆಯಲಾರೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ.

ನೀರಿನ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೆ ತಲೆಗೆ ದಿನಕ್ಕೆ 55 ಲೀಟರ್ ನಲ್ಲಿಯ ನೀರು ಕೊಡಬೇಕೆಂದು ಗುರಿಯಿಟ್ಟರು. ನಮ್ಮ ಮನೆಯ ಬಾಗಿಲಿಗೂ ನಲ್ಲಿ ಬಂತು. ಅದಕ್ಕೆ ಮುಂಚೆ ನಮ್ಮವ್ವ ಬೆಳಿಗ್ಗೆ ಸಂಜೆ ಕೂಡಿ ಹತ್ತು ಹನ್ನೆರಡು ಕೊಡ ಹೊರುತ್ತಿದ್ದಳು. ಒಂದು ಕೊಡಕ್ಕೆ 15 ಲೀಟರ್ ಎಂದರೆ 15 ಕಿಲೋ. ನಲ್ಲಿ ಬಂದ ಮೇಲೆ ಮನೆಯಲ್ಲಿ ನೀರಿನ ಖರ್ಚು ಹೆಚ್ಚಾಯಿತು. ಹೆಚ್ಚಬೇಕಾದುದೇ ಸರಿ. ಮೈ ಕೈ ಬಟ್ಟೆ ಚೊಕ್ಕಟವಾಗಿರಲು ಬೇಕಾದ ನೀರನ್ನು ಪೋಲೆಂದು ಕರೆಯುವವರ ಜೊತೆ ನನ್ನ ವಾದವಿದೆ. ಆದರೆ ಒಂದು ವಿಚಿತ್ರ ಕಂಡೆ. ನೀರು ತುಂಬಿದ ತೊಟ್ಟಿ ಉಕ್ಕಿ ಹರಿಯುವಾಗ ಓಡಿಹೋಗಿ ನಿಲ್ಲಿಸುತ್ತಿದ್ದವಳು ಅವ್ವ ಒಬ್ಬಳೇ. ನನ್ನ ಅಣ್ಣ ನಗುತ್ತ ‘ಈಗ ದುಡ್ಡೇನು ಹೋಯ್ತು ಬಿಡವ್ವ’ ಎಂದಾಗ ಅವಳು ಹೇಳಿದ್ದು ಇಷ್ಟೇ: ‘ಹೊತ್ತೋರಿಗೆ ಗೊತ್ತು ಕಣಪ್ಪ, ನೀರಿನ ತೂಕ.’

ಆ ತೂಕವನ್ನು ನಾನು ಒಮ್ಮೆ ಲೆಕ್ಕ ಹಾಕಿ ನೋಡಿದೆ. ನಲ್ಲಿ ಬಂದರೂ ನೀರು ತಾನಾಗಿ ಮೇಲೆ ಬರುವುದಿಲ್ಲವಷ್ಟೆ. ಅವ್ವನ ಬದಲು ಮೋಟಾರು ಹೊರುತ್ತದೆ. ಸಾವಿರ ಅಡಿ, ಎಂದರೆ ಸುಮಾರು 300 ಮೀಟರ್ ಆಳದ ಕೊಳವೆಬಾವಿ ನಮ್ಮ ಬಯಲುಸೀಮೆಯಲ್ಲಿ ಈಗ ಅಪರೂಪವಲ್ಲ. ಅಷ್ಟು ಕೆಳಗಿನಿಂದ ಸಾವಿರ ಲೀಟರ್ ನೀರನ್ನು ಎತ್ತಲು, ಏನೂ ನಷ್ಟವಿಲ್ಲದಿದ್ದರೆ, ಸುಮಾರು 0.8 ಯೂನಿಟ್ ವಿದ್ಯುತ್ತು ಬೇಕು. ಪಂಪು ಮೋಟಾರುಗಳಲ್ಲಿ ಅರ್ಧದಷ್ಟು ನಷ್ಟವಾಗುವುದು ಸಾಮಾನ್ಯವಾದ್ದರಿಂದ ನಿಜವಾಗಿ 1.6 ಯೂನಿಟ್ ಹಿಡಿಯಬಹುದು. 9 ವಾಟಿನ ಬಲ್ಬು ಅಷ್ಟರಲ್ಲಿ ಹೆಚ್ಚುಕಡಿಮೆ ಒಂದು ವಾರ ಹಗಲೂ ರಾತ್ರಿಯೂ ಉರಿಯುತ್ತದೆ. ಆ ವಿದ್ಯುತ್ತು ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರದಿಂದ ಬಂದುದಾದರೆ ಪ್ರತಿ ಯೂನಿಟ್ಟಿಗೆ ಅರ್ಧ ಕಿಲೋಗೂ ಹೆಚ್ಚು ಕಲ್ಲಿದ್ದಲು ಉರಿದಿರುತ್ತದೆ. ಆದುದರಿಂದ ಬೇಸಿಗೆಯಲ್ಲಿ ದೀಪ ಆರಿಸುವುದಕ್ಕಿಂತ ತೊಟ್ಟಿ ಉಕ್ಕದಂತೆ ನೋಡಿಕೊಳ್ಳುವುದೇ ದೊಡ್ಡ ಉಳಿತಾಯ. ನಮ್ಮ ಜಿಲ್ಲೆಯ ಪಾವಗಡದಲ್ಲಿ 2018ರಲ್ಲಿ ಮೊದಲ ಹಂತ ಆರಂಭವಾದ ಸೌರವಿದ್ಯುತ್ ಉದ್ಯಾನದ ಸಾಮರ್ಥ್ಯ 2050 ಮೆಗಾವಾಟ್. ಬಿಸಿಲಿರುವಾಗ ಮಾತ್ರ ಅದು ದುಡಿಯುತ್ತದೆ. ಮೇಲಿನ ತೊಟ್ಟಿಯನ್ನು ರಾತ್ರಿ ತುಂಬಿಸುವುದಕ್ಕಿಂತ ಮಧ್ಯಾಹ್ನ ತುಂಬಿಸಿಕೊಳ್ಳುವುದು ಇದರಿಂದಲೂ ಒಳ್ಳೆಯದು. ನೆನಪಿಟ್ಟುಕೊಳ್ಳುವ ಕೆಲಸ ಅವ್ವನ ತಲೆಗೇ ಬೀಳಬಾರದೆಂದು, ತೊಟ್ಟಿ ತುಂಬಿದೊಡನೆ ನೀರನ್ನು ತಡೆಯುವ ತೇಲುಬುರುಡೆಯ ಕವಾಟವೊಂದನ್ನು ಕಳೆದ ದೀಪಾವಳಿಗೆ ನನ್ನ ವಿದ್ಯಾರ್ಥಿವೇತನದ ಹಣದಲ್ಲಿ ತಂದು ಹಾಕಿಸಿದೆವು. ಸೀರೆ ತರುವೆನೆಂದುಕೊಂಡಿದ್ದ ಅವ್ವ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಅದನ್ನು ಎರಡು ಮೂರು ಸಲ ಒತ್ತಿ ನೋಡಿದಳು.

ಮಳೆಯ ಲೆಕ್ಕವೂ ಇಷ್ಟೇ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರಿನ ಮಾಳಿಗೆಗೆ 20 ಮಿಲಿಮೀಟರಿನ ಒಂದೇ ಮಳೆ ಸಾವಿರ ಲೀಟರ್ ತರುತ್ತದೆ. ಇದಕ್ಕೆ ಮೋಟಾರೂ ಬೇಡ, ಕೊಡವೂ ಬೇಡ. ಮೊದಲ ಮಳೆಯ ಧೂಳಿನ ನೀರನ್ನು ಹೊರಗೆ ಬಿಟ್ಟು ಉಳಿದುದನ್ನು ಹಿಡಿದರೆ ಬಟ್ಟೆ ಒಗೆಯಲು ಆ ನೀರಿನಷ್ಟು ಒಳ್ಳೆಯದಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಬಾರದ ನೊರೆ ಇದರಲ್ಲಿ ಬರುತ್ತದೆ, ಸಾಬೂನೂ ಉಳಿಯುತ್ತದೆ.

ಅಡುಗೆಯ ಅನಿಲ ಈಗ ಬಹುಪಾಲು ಮನೆಗಳಿಗೆ ಬಂದಿದೆ. 2016ರ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಬಂತು. ಸೌದೆಯನ್ನು ಬಿಟ್ಟು ಭೂಮಿಯೊಳಗಿನ ಇಂಧನ ಹಿಡಿದುದು ಪರಿಸರಕ್ಕೆ ಹಾನಿಯಲ್ಲವೆ ಎಂದು ನನ್ನ ಗೆಳತಿಯೊಬ್ಬಳು ಚರ್ಚಾಕೂಟದಲ್ಲಿ ಕೇಳಿದಳು. ಹೊಗೆಯಿಲ್ಲದ ಅಡುಗೆಮನೆಯ ಬೆಲೆ ಅದಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ಉಳಿತಾಯ ಮಾಡುವವರು ಬೇರೆ ಕಡೆ ಮಾಡಲಿ. ಆದರೂ 14.2 ಕಿಲೋದ ಸಿಲಿಂಡರು ಇನ್ನೊಂದು ವಾರ ಹೆಚ್ಚು ಬಾಳುವಂತೆ ಮಾಡಲು ಯಾರೂ ಕಷ್ಟಪಡಬೇಕಾಗಿಲ್ಲ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕುದಿಯುತ್ತದೆ. ಎಷ್ಟೇ ಉರಿ ಹೆಚ್ಚಿಸಿದರೂ ಅದರ ಶಾಖ ಮೇಲೇರದು, ನೀರು ಬೇಗ ಆವಿಯಾಗುತ್ತದೆ ಅಷ್ಟೆ. ಆದುದರಿಂದ ಕುದಿ ಬಂದ ಮೇಲೆ ದೊಡ್ಡ ಉರಿ ವ್ಯರ್ಥ. ಸಣ್ಣ ಉರಿಯಲ್ಲೂ ಬೇಳೆ ಅಷ್ಟೇ ಹೊತ್ತಿಗೆ ಬೇಯುತ್ತದೆ. ಕುಕ್ಕರಿನಲ್ಲಿ ಆವಿ ಕಟ್ಟಿಕೊಂಡು ಒತ್ತಡ ಏರುವುದರಿಂದ ನೀರಿನ ಶಾಖ ಸುಮಾರು 120 ಡಿಗ್ರಿಯವರೆಗೆ ಹೋಗುತ್ತದೆ, ಬೇಗ ಬೇಯುವುದು ಅದಕ್ಕೆ. ಹುರುಳಿ ಅವರೆಗಳನ್ನು ರಾತ್ರಿ ನೆನೆಹಾಕಿದರೆ ಇನ್ನೂ ಬೇಗ. ಮುಚ್ಚಳ ಮುಚ್ಚುವುದನ್ನಂತೂ ಅಜ್ಜಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳ ರೂಢಿಗಳಲ್ಲಿ ನಾವು ಉಳಿಸಿಕೊಳ್ಳತಕ್ಕವು ಇಂಥವು: ನೆನೆಹಾಕುವುದು, ಮುಚ್ಚುವುದು, ಹೊಲಿಯುವುದು, ಸಿಪ್ಪೆಯನ್ನು ಮಣ್ಣಿಗೆ ಕೊಡುವುದು. ಬಿಡತಕ್ಕವು ಹೊಗೆ ಮತ್ತು ಸೊಂಟದ ಮೇಲಿನ ಕೊಡ.

ಇನ್ನು ಊಟದ ತಟ್ಟೆ. ನಾನು ಇರುವುದು ವಿದ್ಯಾರ್ಥಿನಿಯರ ನಿಲಯವೊಂದರಲ್ಲಿ. ಅಲ್ಲಿ ಬೆಳಗಿನ ಊಟ ಮುಗಿಯುವಷ್ಟರಲ್ಲಿ ಎರಡು ಬಕೆಟ್ಟು ತುಂಬ ಅನ್ನ ಸಾರು ಉಳಿಯುತ್ತಿತ್ತು. ‘ಅನ್ನ ಚೆಲ್ಲಬೇಡಿ’ ಎಂಬ ಬರಹ ಬಾಗಿಲ ಮೇಲೆಯೇ ಇತ್ತು. ಅದರ ಕೆಳಗೇ ನಿಂತು ಚೆಲ್ಲುತ್ತಿದ್ದೆವು. ಆ ಎರಡು ಬಕೆಟ್ಟುಗಳನ್ನು ಬೀದಿಯ ಕೊನೆಯ ತೊಟ್ಟಿಗೆ ಹೊರುತ್ತಿದ್ದವರು ಅಡುಗೆಮನೆಯಲ್ಲಿ ಸಹಾಯಕ್ಕಿರುವ ಅಕ್ಕ, ನಮ್ಮ ತಾಯಂದಿರ ವಯಸ್ಸಿನವರು. ಹೀಗೆ ಹಸಿ ಕಸ ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ಗುಡ್ಡೆಯಾಗಿ ಬಿದ್ದು, ಗಾಳಿ ಆಡದೆ ಕೊಳೆತಾಗ ಹುಟ್ಟುವ ಅನಿಲ ಮೀಥೇನ್. ಪುರದ ಎಂಜಿನ್ ಓಡಿಸಿದ್ದೂ ಅದೇ. ಅಲ್ಲಿ ಅದು ನೀರೆತ್ತಿತು. ಇಲ್ಲಿ ಸುಮ್ಮನೆ ಮೇಲೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಾಲು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ.

ಅನ್ನ ಏಕೆ ಉಳಿಯುತ್ತದೆಂದು ನಾವು ನಾಲ್ಕು ಜನ ಒಂದು ವಾರ ಗಮನಿಸಿದೆವು. ದುರಹಂಕಾರದಿಂದ ಚೆಲ್ಲುವವರು ಯಾರೂ ಇರಲಿಲ್ಲ. ನಮ್ಮಲ್ಲಿ ಬಹಳ ಮಂದಿ ಹಸಿವು ಕಂಡ ಮನೆಯವರೇ. ಬಡಿಸುವ ಸೌಟು ದೊಡ್ಡದು, ಸಾಲು ಉದ್ದ, ಹತ್ತು ಗಂಟೆಗೆ ತರಗತಿ. ಎರಡನೆಯ ಸಲ ಬಂದರೆ ಸಿಗುತ್ತದೆಂಬ ನಂಬಿಕೆ ಇಲ್ಲ. ಹಾಗಾಗಿ ಎಲ್ಲರೂ ಮೊದಲೇ ತುಂಬಿಸಿಕೊಳ್ಳುತ್ತಿದ್ದರು. ನಿಲಯದ ಮೇಲ್ವಿಚಾರಕಿಯವರ ಅಪ್ಪಣೆ ಪಡೆದು ಎರಡು ಬದಲಾವಣೆ ಮಾಡಿದೆವು. ಮೊದಲ ಸಲ ಚಿಕ್ಕ ಸೌಟು. ಅನ್ನದ ಪಾತ್ರೆ ಮುಕ್ಕಾಲು ಗಂಟೆ ಹೊರಗೇ, ಬೇಕಾದವರು ತಾವೇ ಮತ್ತೆ ಬಡಿಸಿಕೊಳ್ಳಬಹುದು. ಎರಡನೆಯದು, ಉಳಿದುದರ ಬಕೆಟ್ಟನ್ನು ಹೊರುವ ಕೆಲಸ ಇನ್ನು ಮುಂದೆ ಅಕ್ಕನದಲ್ಲ. ದಿನಕ್ಕೆ ಇಬ್ಬರಂತೆ ನಮ್ಮದೇ ಸರದಿ. ತರಕಾರಿಯ ಸಿಪ್ಪೆ ಹಿತ್ತಲಿನ ಗುಂಡಿಗೆ, ಒಣ ಎಲೆಯ ಮೇಲೊಂದು ಪದರ; ಮಿಕ್ಕ ಅನ್ನವನ್ನು ಹಾಲು ಹಾಕುವವರು ಸಂಜೆ ಬಂದು ಕಲಗಚ್ಚಿಗೆ ಒಯ್ಯುತ್ತಾರೆ.

ಮೊದಲ ವಾರ ಮುಖ ಸಿಂಡರಿಸಿದವರು ಇದ್ದರು. ಪದವಿ ಓದಲು ಬಂದು ಎಂಜಲು ಹೊರಬೇಕೆ ಎಂದೂ ಒಬ್ಬಳು ಕೇಳಿದಳು. ಅವಳ ಸರದಿಯ ದಿನ ಬಕೆಟ್ಟು ಅತ್ಯಂತ ಭಾರವಾಗಿತ್ತೆಂಬುದು ಬರಿಯ ಆಕಸ್ಮಿಕ. ಆಮೇಲಾಮೇಲೆ, ಸಾಲಿನಲ್ಲಿ ನಿಂತಾಗ ‘ಇವತ್ತು ನಂದು ಕಣೇ, ಸ್ವಲ್ಪ ಹಾಕಿಸ್ಕೋ’ ಎಂಬ ಮಾತು ಕೇಳಿಸತೊಡಗಿತು. ಎರಡು ಬಕೆಟ್ಟು ಅರ್ಧ ಬಕೆಟ್ಟಿಗೆ ಇಳಿದಿದೆ. ಉಪ್ಪಿಟ್ಟಿನ ದಿನ ಮಾತ್ರ ಈಗಲೂ ತುಂಬುತ್ತದೆ. ಅದಕ್ಕೆ ಕಾರಣ ಸೌಟಿನಲ್ಲಿಲ್ಲ, ಬಾಣಲೆಯಲ್ಲಿದೆ ಎಂದು ಎಲ್ಲರ ಅಭಿಪ್ರಾಯ. ಸರದಿಯ ಪಟ್ಟಿ ಬರೆದ ಪುಸ್ತಕವನ್ನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇವೆ. ನಮ್ಮ ಪರೀಕ್ಷೆ ಮುಗಿಯುವವರೆಗಿನ ಹೆಸರುಗಳು ಅದರಲ್ಲಿವೆ. ಮುಂದಿನ ಹಾಳೆಗಳಿಗೆ ಗೆರೆ ಎಳೆದಿಟ್ಟಿದ್ದೇವೆ, ಹೆಸರುಗಳನ್ನು ಎರಡನೆಯ ವರ್ಷದವರು ತುಂಬಿಕೊಳ್ಳಬೇಕು.